ಕೈ ಮುಟ್ಟದೆ ಓದಿದ ಪಿಸ್ತೂಲು

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಇರುವವರು ಸಾಮಾನ್ಯವಾಗಿ ಬಂದೂಕು ಹೊಂದುವಂತಿಲ್ಲ. ಕೊಳ್ಳುವುದು ಮಾತ್ರವಲ್ಲ, ವಶದಲ್ಲಿ ಇಟ್ಟುಕೊಳ್ಳುವುದೂ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಪರವಾನಗಿ ಪಡೆದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ನನಗೆ ಅದು ಯಾವುದೂ ಇರಲಿಲ್ಲ. ಹಾಗಾಗಿ ಪೆನ್ಸಿಲ್ವೇನಿಯಾದ ನಮ್ಮ ಬೀದಿಯ ಪಕ್ಕದ ಮನೆಯ ಅಜ್ಜಿ ತನ್ನ ತಂದೆಯ ಪಿಸ್ತೂಲನ್ನು ತೋರಿಸಿ, "ಇದು ಏನು, ಎಷ್ಟು ಬೆಲೆಬಾಳುತ್ತದೆ, ನೋಡಿ ಹೇಳುತ್ತೀಯಾ?" ಎಂದಾಗ ನಾನು ಒಪ್ಪಿಕೊಂಡದ್ದು ಒಂದು ಷರತ್ತಿನ ಮೇಲೆ. ಪಿಸ್ತೂಲನ್ನು ಹಿಡಿಯುವುದು, ತಿರುಗಿಸುವುದು, ಇಡುವುದು ಎಲ್ಲವೂ ಅವರದು. ನನ್ನದು ಕ್ಯಾಮೆರಾ ಮತ್ತು ಕಣ್ಣು.

ಅವರು ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ನಾನು ಹಳೆಯ ನಾಣ್ಯಗಳನ್ನು ತೀರಾ ಹತ್ತಿರದಿಂದ ಫೋಟೋ ತೆಗೆಯುವವನು ಎಂಬುದು ಅವರಿಗೆ ಗೊತ್ತು. ಜೊತೆಗೆ ನಾನು ಕೊಡಗಿನವನು. ಶಸ್ತ್ರಾಸ್ತ್ರ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇರುವುದನ್ನೂ, ಕೈಲ್ ಮುಹೂರ್ತದ ದಿನ ಕೋವಿಗಳನ್ನು ಸಾಲಾಗಿಟ್ಟು, ನಳಿಕೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವುದನ್ನೂ ನಾನು ಒಮ್ಮೆ ಅವರಿಗೆ ಹೇಳಿದ್ದೆ. ಅಷ್ಟಕ್ಕೇ ನಾನು ಬಂದೂಕು ಬಲ್ಲವನು ಎಂದು ಅವರು ತೀರ್ಮಾನಿಸಿದ್ದರು. ನಮ್ಮ ಐನ್‌ಮನೆಯಲ್ಲಿ, ಎಂದರೆ ಕುಟುಂಬದ ಮೂಲಮನೆಯಲ್ಲಿ, ಇದ್ದದ್ದು ತೋಟದ ಹಂದಿಯನ್ನು ಹೆದರಿಸುವ ಜೋಡುನಳಿಗೆ ಕೋವಿ. ಸೇನೆಯ 9 ಮಿಲಿಮೀಟರ್ ಪಿಸ್ತೂಲು ಭಾರತದಲ್ಲಿ ನಿಷೇಧಿತ ಬೋರಿನದು, ಎಂದರೆ ಸಾಮಾನ್ಯ ಜನರಿಗೆ ಪರವಾನಗಿ ಸಿಗದ ಅಳತೆಯ ನಳಿಕೆಯದು. ಅದನ್ನು ಹತ್ತಿರದಿಂದ ನೋಡುವ ಪ್ರಸಂಗವೇ ನನಗೆ ಬಂದಿರಲಿಲ್ಲ.

ಹೆಸರು ಹೇಳುವುದು ಸುಲಭವಾಗಿತ್ತು. ಓರೆಯಾದ ಹಿಡಿ, ತೆಳ್ಳನೆಯ ನಳಿಕೆ, ಹಿಂಭಾಗದ ಮೇಲೆ ಎರಡು ಗುಂಡನೆಯ ಗುಬ್ಬಿಗಳು. ಗುಂಡು ಹಾರಿದಾಗ ಆ ಗುಬ್ಬಿಗಳ ನಡುವಿನ ಕೀಲು ಮಡಚಿದ ಮೊಣಕಾಲಿನಂತೆ ಮೇಲಕ್ಕೆ ಏಳುತ್ತದೆ. ಇಂಥ ಆಕಾರ ಲೂಗರ್ ಪಿಸ್ತೂಲಿನದು. ಹ್ಯೂಗೋ ಬೋರ್ಖಾರ್ಟ್ 1893ರಲ್ಲಿ ರೂಪಿಸಿದ ದೊಡ್ಡ, ಒಡ್ಡೊಡ್ಡಾದ ಪಿಸ್ತೂಲನ್ನು ಜಾರ್ಜ್ ಲೂಗರ್ ತಿದ್ದಿ ಕೈಗೆ ಒಗ್ಗುವಂತೆ ಮಾಡಿದ. 1900ರಲ್ಲಿ ಸ್ವಿಟ್ಜರ್‌ಲೆಂಡಿನ ಸೇನೆ, 1904ರಲ್ಲಿ ಜರ್ಮನಿಯ ನೌಕಾಪಡೆ, 1908ರಲ್ಲಿ ಅದರ ಭೂಸೇನೆ ಇದನ್ನು ಒಪ್ಪಿಕೊಂಡವು. ಭೂಸೇನೆಯದ್ದಕ್ಕೆ ಪಿ.08 ಎಂಬ ಹೆಸರು ಬಂದದ್ದು ಆ ವರ್ಷದಿಂದ. ಇಂದು ಜಗತ್ತಿನ ಎಲ್ಲೆಡೆ ಬಳಸುವ 9 ಮಿಲಿಮೀಟರ್ ತೋಟಾ ಹುಟ್ಟಿದ್ದು ಈ ಪಿಸ್ತೂಲಿಗಾಗಿಯೇ. ಇಷ್ಟನ್ನು ಯಾರು ಬೇಕಾದರೂ ಹೇಳಬಹುದು, ಮತ್ತು ಇಷ್ಟು ಗೊತ್ತಾದರೆ ಬೆಲೆಯ ಬಗ್ಗೆ ಏನೂ ಗೊತ್ತಾದಂತೆ ಅಲ್ಲ. ಒಂದೇ ಆಕಾರದ ಎರಡು ಲೂಗರ್‌ಗಳಲ್ಲಿ ಒಂದು ಎಂಟುನೂರು ಡಾಲರಿಗೆ ಹೋಗುತ್ತದೆ, ಇನ್ನೊಂದಕ್ಕೆ ಹತ್ತು ಸಾವಿರ ಕೊಟ್ಟರೂ ಸಿಗುವುದಿಲ್ಲ.

ಆದರೆ ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿತ್ತು. ಪಿಸ್ತೂಲು ಬೂಟಿನ ಪೆಟ್ಟಿಗೆಯೊಂದರಲ್ಲಿ, ಅದರ ಚರ್ಮದ ಒರೆಯೊಳಗೇ, ದಶಕಗಳಿಂದ ಮಲಗಿತ್ತು. ಒಳಗೆ ಗುಂಡು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. "ಅಪ್ಪ ಅಷ್ಟು ಬೇಜವಾಬ್ದಾರಿಯವರಲ್ಲ" ಎಂದರು ಅಜ್ಜಿ. ಅಪ್ಪಂದಿರ ಬಗ್ಗೆ ಮಕ್ಕಳು ಹೀಗೆಯೇ ಹೇಳುವುದು. ನಾವು ಅದನ್ನು ಮೊದಲು ಒಯ್ದದ್ದು ಊರಿನ ಬಂದೂಕು ದುರಸ್ತಿಗಾರರ ಬಳಿಗೆ. ಅಜ್ಜಿಯೇ ಕಾರು ಓಡಿಸಿದರು. ಪೆಟ್ಟಿಗೆ ಹಿಂದಿನ ಡಿಕ್ಕಿಯಲ್ಲಿ, ನಾನು ಮುಂದಿನ ಸೀಟಿನಲ್ಲಿ.

ದುರಸ್ತಿಗಾರರು ಬಿಚ್ಚುವ ಮೊದಲೇ ಪಿಸ್ತೂಲಿನ ಮೇಲ್ಭಾಗವನ್ನು ದೀಪದ ಕೆಳಗೆ ಹಿಡಿದು ನನಗೆ ತೋರಿಸಿದರು. ಖಾಲಿ ತೋಟಾವನ್ನು ಹೊರಗೆಳೆಯುವ ಸಣ್ಣ ಕೊಕ್ಕೆ ನಳಿಕೆಯ ಹಿಂದೆ ಸಮತಟ್ಟಾಗಿ ಕುಳಿತಿತ್ತು. ನಳಿಕೆಯ ಬುಡದಲ್ಲಿ ಗುಂಡು ಕೂರುವ ಕೋಣೆಯಲ್ಲಿ ಗುಂಡು ಇದ್ದರೆ ಈ ಕೊಕ್ಕೆ ತುಸು ಮೇಲೆದ್ದು ನಿಲ್ಲುತ್ತದೆ, ಆಗ ಅದರ ಎಡ ಪಕ್ಕದಲ್ಲಿ ಕೆತ್ತಿದ 'ಗೆಲಾಡೆನ್' ಎಂಬ ಅಕ್ಷರಗಳು ಕಾಣುತ್ತವೆ: ಗುಂಡು ತುಂಬಿದೆ ಎಂದು ಎಚ್ಚರಿಕೆ. ಕತ್ತಲಲ್ಲಿ ಸೈನಿಕ ಬೆರಳಿನಿಂದ ತಡವಿಯೂ ತಿಳಿಯಬಹುದು. ಆದರೂ ಅವರು ಕೊಕ್ಕೆಯನ್ನು ನಂಬಲಿಲ್ಲ. ಹಿಡಿಯೊಳಗಿನ ಮ್ಯಾಗಜೀನ್, ಎಂದರೆ ತೋಟಾ ತುಂಬುವ ಡಬ್ಬಿಯನ್ನು ತೆಗೆದು, ಕೀಲನ್ನು ಎತ್ತಿ, ಕೋಣೆಯೊಳಗೆ ಟಾರ್ಚು ಬಿಟ್ಟು ನೋಡಿದ ಮೇಲೆಯೇ "ಖಾಲಿ" ಎಂದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗ.

ಮನೆಗೆ ಮರಳಿ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆವು. ನಾಣ್ಯದ ಫೋಟೋ ತೆಗೆಯುವ ವಿಧಾನವೇ ಇಲ್ಲಿಯೂ ಕೆಲಸಕ್ಕೆ ಬಂತು. ಬೆಳಕು ಮೇಲಿನಿಂದ ಬಿದ್ದರೆ ಉಕ್ಕು ಹೊಳೆಯುತ್ತದೆ, ಮುದ್ರೆ ಮಾಯವಾಗುತ್ತದೆ. ಒಂದೇ ಒಂದು ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬದಿಯಿಂದ ಬೆಳಕು ಸವರುವಂತೆ ಮಾಡಿದರೆ ಪ್ರತಿ ಅಚ್ಚಿನ ಅಂಚಿಗೂ ಒಂದು ನೆರಳು ಬೀಳುತ್ತದೆ. ಅಜ್ಜಿ ಹತ್ತಿಯ ಕೈಗವಸು ಹಾಕಿಕೊಂಡು ಪಿಸ್ತೂಲನ್ನು ಒಂದೊಂದೇ ಮಗ್ಗುಲಿಗೆ ತಿರುಗಿಸುತ್ತಾ ಹೋದರು. ಬರಿಗೈಯ ಬೆವರು ಹಳೆಯ ಉಕ್ಕಿನ ಮೇಲೆ ತುಕ್ಕಿನ ಬೆರಳಚ್ಚು ಬಿಡುತ್ತದೆ.

ಕೀಲಿನ ಮೇಲೆ 'ಎಸ್/42' ಎಂದಿತ್ತು. ನಳಿಕೆಯ ಬುಡದ ಮೇಲೆ '1938'. ಈ ಎರಡರಲ್ಲೇ ಅರ್ಧ ಚರಿತ್ರೆ ಇದೆ. ಮೊದಲನೆಯ ಮಹಾಯುದ್ಧ ಮುಗಿಯುವವರೆಗೆ ಸೇನೆಯ ಲೂಗರ್‌ಗಳನ್ನು ಮಾಡುತ್ತಿದ್ದವರು ಬರ್ಲಿನ್ನಿನ ಡಿಡಬ್ಲ್ಯೂಎಂ ಕಂಪನಿ ಮತ್ತು ಎರ್ಫರ್ಟಿನ ಸರ್ಕಾರಿ ಶಸ್ತ್ರಾಗಾರ. ಅವರು ತಮ್ಮ ಗುರುತನ್ನು ಎದೆ ತಟ್ಟಿ ಹಾಕುತ್ತಿದ್ದರು. 1930ರಲ್ಲಿ ತಯಾರಿಕೆ ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಗೆ ಬಂತು. ವರ್ಸೇಲ್ಸ್ ಒಪ್ಪಂದ ಜರ್ಮನಿಯ ಶಸ್ತ್ರ ತಯಾರಿಕೆಗೆ ಕಡಿವಾಣ ಹಾಕಿದ್ದರಿಂದ ಯಾರು ಮಾಡುತ್ತಿದ್ದಾರೆ, ಎಷ್ಟು ಮಾಡುತ್ತಿದ್ದಾರೆ ಎಂಬುದು ಹೊರಗೆ ತಿಳಿಯಬಾರದಿತ್ತು. ಹಾಗಾಗಿ ಮೌಸರ್ ಹೆಸರಿನ ಬದಲು ಎಸ್/42 ಎಂಬ ಸಂಕೇತ. ವರ್ಷದ ಬದಲು 1934ಕ್ಕೆ 'ಕೆ', 1935ಕ್ಕೆ 'ಜಿ'. 1935ರ ಮಾರ್ಚಿನಲ್ಲಿ ಹಿಟ್ಲರ್ ಒಪ್ಪಂದವನ್ನು ಬಹಿರಂಗವಾಗಿಯೇ ಮುರಿದ ಮೇಲೆ ವರ್ಷ ಮುಚ್ಚಿಡುವ ಅಗತ್ಯ ಉಳಿಯಲಿಲ್ಲ. 1936ರಿಂದ ಇಸವಿ ನಾಲ್ಕೂ ಅಂಕಿಗಳಲ್ಲಿ ಬಂತು, ಕಂಪನಿಯ ಸಂಕೇತ ಮಾತ್ರ ಹಾಗೆಯೇ ಉಳಿಯಿತು. ಮುಂದೆ ಅದು ಬರಿಯ '42' ಆಯಿತು, 1941ರಲ್ಲಿ 'ಬಿವೈಎಫ್' ಆಯಿತು. 1942ರಲ್ಲಿ ಸೇನೆಗೆ ಲೂಗರ್ ಮಾಡುವುದೇ ನಿಂತಿತು. ಅಷ್ಟರಲ್ಲಿ ಅದಕ್ಕಿಂತ ಅಗ್ಗದ, ಬೇಗ ತಯಾರಾಗುವ ವಾಲ್ಥರ್ ಪಿ.38 ಅದರ ಜಾಗಕ್ಕೆ ಬಂದಿತ್ತು.

ಬಲ ಮಗ್ಗುಲಲ್ಲಿ ಸಣ್ಣ ಮುದ್ರೆಗಳ ಸಾಲು. ಎರಡು ಹದ್ದುಗಳ ಕೆಳಗೆ 63 ಎಂಬ ಅಂಕಿ: ಮೌಸರ್ ಕಾರ್ಖಾನೆಯಲ್ಲಿ ಕುಳಿತ ಸೇನಾ ತನಿಖಾಧಿಕಾರಿಯ ಗುರುತು. ಪಕ್ಕದಲ್ಲಿ ಸ್ವಸ್ತಿಕದ ಮೇಲೆ ರೆಕ್ಕೆ ಬಿಚ್ಚಿದ ಇನ್ನೊಂದು ಹದ್ದು. ಅದು ಪಿಸ್ತೂಲನ್ನು ಪರೀಕ್ಷಾರ್ಥ ಹಾರಿಸಿದ್ದಕ್ಕೆ ಸಾಕ್ಷಿ. ಅಜ್ಜಿ ಪರದೆಯ ಮೇಲೆ ಅದು ದೊಡ್ಡದಾಗಿ ಕಂಡಾಗ ಮುಖ ತಿರುಗಿಸಿದರು. "ಇದನ್ನು ಉಜ್ಜಿ ಅಳಿಸಬಹುದೇ?" ಎಂದು ಕೇಳಿದರು. ಅವರ ತಂದೆ ಆ ಗುರುತಿನ ವಿರುದ್ಧ ಹೋರಾಡಿ ಬಂದವರು, ಪ್ರಶ್ನೆ ಸಹಜವೇ. ಆದರೆ ಅಳಿಸಿದರೆ ಅದು ಉಕ್ಕಿನ ತುಂಡಷ್ಟೇ ಆಗುತ್ತದೆ ಎಂದೆ. ಅವರು ಏನೂ ಹೇಳಲಿಲ್ಲ, ಪಿಸ್ತೂಲನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದರು.

ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ. ಸೇನೆಯ ಲೂಗರ್‌ನ ಪೂರ್ಣ ಸಂಖ್ಯೆ ಚೌಕಟ್ಟಿನ ಮುಂಭಾಗದಲ್ಲಿ, ನಳಿಕೆಯ ಕೆಳಗೆ, ಮೇಲ್ಭಾಗದ ಎಡ ಮಗ್ಗುಲಲ್ಲಿ ಇರುತ್ತದೆ. ನಾಲ್ಕು ಅಂಕಿ, ಕೆಲವೆಡೆ ಕೆಳಗೆ ಕೈಬರಹದಂಥ ಒಂದು ಸಣ್ಣ ಅಕ್ಷರ. ಹತ್ತು ಸಾವಿರದ ಸುಮಾರಿಗೆ ಎಣಿಕೆ ಮುಗಿದರೆ ಅಕ್ಷರ ಬದಲಿಸಿ ಮತ್ತೆ ಒಂದರಿಂದ ಶುರು. ಇವುಗಳಲ್ಲದೆ ಸಣ್ಣ ಸಣ್ಣ ಬಿಡಿಭಾಗಗಳ ಮೇಲೂ ಕೊನೆಯ ಎರಡು ಅಂಕಿಗಳನ್ನು ಹೊಡೆದಿರುತ್ತಾರೆ. ಕುದುರೆ (ಟ್ರಿಗರ್), ಪಕ್ಕದ ತಟ್ಟೆ, ಭದ್ರತಾ ಸನ್ನೆ (ಸೇಫ್ಟಿ ಲಿವರ್), ಕೊಕ್ಕೆ, ಕೀಲಿನ ಎರಡೂ ತುಂಡುಗಳು, ಹಿಡಿಯ ಮರದ ಹಲಗೆಗಳ ಒಳಮೈ ಕೂಡ. ಕಾರ್ಖಾನೆಯಲ್ಲಿ ಪ್ರತಿ ಭಾಗವನ್ನೂ ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದರು. ಒಂದರದ್ದು ಇನ್ನೊಂದಕ್ಕೆ ಸರಿಹೋಗದು. ಅಂಕಿಗಳೆಲ್ಲ ಒಂದೇ ಆಗಿದ್ದರೆ ಪಿಸ್ತೂಲು ಕಾರ್ಖಾನೆಯಿಂದ ಹೊರಟ ದಿನದಂತೆಯೇ ಇಡಿಯಾಗಿ ಉಳಿದಿದೆ ಎಂದರ್ಥ. ಸಂಗ್ರಾಹಕರು ದುಡ್ಡು ಸುರಿಯುವುದು ಇದಕ್ಕೆ.

ನಮ್ಮದರ ಸಂಖ್ಯೆ 46ರಲ್ಲಿ ಮುಗಿಯುತ್ತಿತ್ತು. ಕುದುರೆ 46. ತಟ್ಟೆ 46. ಭದ್ರತಾ ಸನ್ನೆ 46. ನಾನು ಕಾಗದದ ಮೇಲೆ ಪಿಸ್ತೂಲಿನ ರೇಖಾಚಿತ್ರ ಬರೆದುಕೊಂಡು, ಒಂದೊಂದನ್ನೇ ಗುರುತು ಹಾಕುತ್ತಾ ಹೋದಂತೆ ಅಜ್ಜಿಗೂ ಉತ್ಸಾಹ ಬಂತು, "ನಲವತ್ತಾರು!" ಎಂದು ಅವರೇ ಮೊದಲು ಓದತೊಡಗಿದರು. ಆಮೇಲೆ ಎಡ ಮಗ್ಗುಲಲ್ಲಿ, ಕುದುರೆಯ ಮುಂದೆ ಇರುವ ಬಿಚ್ಚುವ ಸನ್ನೆ ಬಂತು. ಅದನ್ನು ತಿರುಗಿಸಿದರೆ ಪಿಸ್ತೂಲು ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ 71 ಎಂದಿತ್ತು.

ಅಂಕಿ ಓದುವ ಮೊದಲೇ ಬಣ್ಣ ನನ್ನ ಕಣ್ಣಿಗೆ ಬಿದ್ದಿತ್ತು. ಪಿಸ್ತೂಲಿನ ಉಳಿದೆಲ್ಲ ಭಾಗಗಳೂ ನೀಲಿಗಪ್ಪು, ಈ ಸನ್ನೆ ಮಾತ್ರ ಒಣಹುಲ್ಲಿನ ಹೊಂಬಣ್ಣ. ಹಳೆಯ ಲೂಗರ್‌ಗಳಲ್ಲಿ ಸಣ್ಣ ಭಾಗಗಳನ್ನು ಕಾಯಿಸಿ ಹದಗೊಳಿಸುವಾಗ ಈ ಬಣ್ಣ ಮೂಡುತ್ತಿತ್ತು, ಅದನ್ನು ಹಾಗೆಯೇ ಬಿಡುತ್ತಿದ್ದರು. ಮೌಸರ್‌ನವರು 1937ರಲ್ಲಿ ಬಣ್ಣ ಕಟ್ಟುವ ಕ್ರಮವನ್ನೇ ಬದಲಿಸಿದರು. ನಿಧಾನವಾಗಿ ತುಕ್ಕು ಬರಿಸಿ ಉಜ್ಜುವ ಹಳೆಯ ಪದ್ಧತಿ ಬಿಟ್ಟು, ಬಿಸಿ ಲವಣದ ದ್ರಾವಣದಲ್ಲಿ ಅದ್ದುವ ಪದ್ಧತಿ ಬಂತು. ಸಣ್ಣ ಭಾಗಗಳೂ ನೀಲಿಯಾದವು. ಅಂದರೆ 1938ರ ಪಿಸ್ತೂಲಿನ ಮೇಲೆ ಹೊಂಬಣ್ಣದ ಸನ್ನೆ ಇರಕೂಡದು. ಯಾವುದೋ ಹಳೆಯ ಪಿಸ್ತೂಲಿನ ಸನ್ನೆ ಇದಕ್ಕೆ ಬಂದು ಕುಳಿತಿದೆ. ಬಹುಶಃ ಯಾವುದಾದರೂ ಬಿಡಾರದಲ್ಲಿ ಒಂದೇ ಕಂಬಳಿಯ ಮೇಲೆ ಹಲವು ಪಿಸ್ತೂಲುಗಳನ್ನು ಬಿಚ್ಚಿ ಒರೆಸುವಾಗ ಅದಲುಬದಲಾಗಿರಬೇಕು. ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿಗೆ ನೂರಾರು ಡಾಲರು ಹೋಯಿತು.

ಮ್ಯಾಗಜೀನ್‌ಗಳದ್ದು ಇದಕ್ಕಿಂತ ಸ್ವಾರಸ್ಯದ ಸಂಗತಿ. ಪ್ರತಿ ಪಿಸ್ತೂಲಿನೊಂದಿಗೆ ಎರಡು ಮ್ಯಾಗಜೀನ್ ಕೊಡುತ್ತಿದ್ದರು: ಒಂದು ಹಿಡಿಯೊಳಗೆ, ಇನ್ನೊಂದು ಒರೆಯ ಅಂಚಿನ ಜೇಬಿನಲ್ಲಿ. ಎರಡರ ತಳದಲ್ಲೂ ಪಿಸ್ತೂಲಿನದೇ ಸಂಖ್ಯೆ, ಎರಡನೆಯದಕ್ಕೆ ಪಕ್ಕದಲ್ಲಿ ಒಂದು ಕೂಡುವ ಚಿಹ್ನೆ. ನಮ್ಮ ಪಿಸ್ತೂಲಿನ ಹಿಡಿಯೊಳಗಿದ್ದ ಮ್ಯಾಗಜೀನಿನ ತಳ ಮರದ್ದು, ಎಂದರೆ ಮೊದಲನೆಯ ಮಹಾಯುದ್ಧದ ಕಾಲದ್ದು, ಬೇರೆ ಸಂಖ್ಯೆಯದು. ನಿರಾಸೆಯಿಂದಲೇ ಜೇಬಿನೊಳಗಿನದನ್ನು ನೋಡಲು ಹೇಳಿದೆ. ಅದು ಅಂಟಿಕೊಂಡಿತ್ತು, ಅಜ್ಜಿ ಚರ್ಮಕ್ಕೆ ಘಾಸಿಯಾಗದಂತೆ ನಿಧಾನವಾಗಿ ಆಚೀಚೆ ಆಡಿಸಿ ಎಳೆದರು. ಅಲ್ಯೂಮಿನಿಯಂ ತಳ. ನಾಲ್ಕೂ ಅಂಕಿ ನಮ್ಮದೇ, ಅಕ್ಷರವೂ ನಮ್ಮದೇ, ಪಕ್ಕದಲ್ಲಿ ಕೂಡುವ ಚಿಹ್ನೆ. ಯುದ್ಧ ದಾಟಿ, ಅಟ್ಲಾಂಟಿಕ್ ದಾಟಿ, ಎರಡನೆಯ ಮ್ಯಾಗಜೀನ್ ತನ್ನ ಪಿಸ್ತೂಲಿನ ಜೊತೆಗೇ ಇತ್ತು. ಬಿಡಿಯಾದ ಮ್ಯಾಗಜೀನಿಗೆ ಹೆಚ್ಚು ಬೆಲೆಯಿಲ್ಲ. ಸಂಖ್ಯೆ ಹೊಂದುವ ಮ್ಯಾಗಜೀನ್ ಆ ಒಂದು ಪಿಸ್ತೂಲಿಗೆ ಮಾತ್ರ ಬೆಲೆಬಾಳುವಂಥದ್ದು.

ಒರೆಯನ್ನು ಮುಟ್ಟಲು ನನಗೆ ಕಾನೂನಿನ ಅಡ್ಡಿ ಇರಲಿಲ್ಲ. ಅದು ಚರ್ಮ, ಬಂದೂಕಲ್ಲ. ಗಟ್ಟಿಯಾದ, ಪೆಟ್ಟಿಗೆಯಂಥ ಆಕಾರದ ಕಪ್ಪು ಒರೆ. ಮುಚ್ಚಳ ಪಿಸ್ತೂಲನ್ನು ಪೂರ್ತಿ ಮುಚ್ಚುತ್ತದೆ. ಒಳಗಿನ ಒಂದು ಪಟ್ಟಿಯನ್ನು ಮೇಲಕ್ಕೆಳೆದರೆ ಪಿಸ್ತೂಲು ತಾನೇ ಏಳುತ್ತದೆ. ಮುಚ್ಚಳದ ಒಳಮೈಯ ಪುಟ್ಟ ಜೇಬಿನಲ್ಲಿ ಬಿಚ್ಚುವ ಉಪಕರಣ ಇನ್ನೂ ಇತ್ತು: ಚಪ್ಪಟೆ ತಗಡಿನ ತುಂಡು, ಒಂದು ತುದಿ ತಿರುಪು ಬಿಚ್ಚಲು, ನಡುವಿನ ತೂತು ಮ್ಯಾಗಜೀನಿನ ಗುಬ್ಬಿಯನ್ನು ಕೆಳಗೆ ಒತ್ತಿ ಹಿಡಿಯಲು. ಎಂಟು ತೋಟಾ ಹಿಡಿಯುವ ಆ ಮ್ಯಾಗಜೀನಿನ ಸ್ಪ್ರಿಂಗ್ ಎಷ್ಟು ಬಿಗಿ ಎಂದರೆ ಬರಿಯ ಹೆಬ್ಬೆರಳು ಸೋಲುತ್ತದೆ. ಉಪಕರಣದ ಮೇಲೆಯೂ ಹದ್ದು, 63. ಎಷ್ಟೋ ಒರೆಗಳಲ್ಲಿ ಆ ಜೇಬು ಖಾಲಿ ಇರುತ್ತದೆ, ಅಥವಾ ನಿನ್ನೆ ಮೊನ್ನೆ ಮಾಡಿದ ನಕಲಿ ಉಪಕರಣ ಇರುತ್ತದೆ.

ಒರೆಯ ಬೆನ್ನಿನಲ್ಲಿ, ಬೆಲ್ಟು ಹಾಯುವ ಕುಣಿಕೆಗಳ ನಡುವೆ, 'ಪಿ.08' ಎಂಬ ಅಚ್ಚು, ಒಂದು ಹದ್ದು, ತಯಾರಕನ ಹೆಸರು. ಹೆಸರು ಬೆಲ್ಟಿಗೆ ಉಜ್ಜಿ ಸವೆದಿತ್ತು. ಓರೆ ಬೆಳಕಿನಲ್ಲಿಯೂ 'ಬರ್ಲಿನ್ 1938' ಎಂಬಷ್ಟೇ ಖಚಿತವಾಗಿ ಓದಲಾಯಿತು. ಇಸವಿ ಪಿಸ್ತೂಲಿನದ್ದಕ್ಕೆ ಹೊಂದಿದ್ದು ಒಳ್ಳೆಯ ಲಕ್ಷಣ, ಆದರೆ ಪುರಾವೆಯಲ್ಲ. ಒರೆಗೆ ಪಿಸ್ತೂಲಿನ ಸಂಖ್ಯೆ ಹಾಕುವ ನಿಯಮವಿರಲಿಲ್ಲ. ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಚರ್ಮದ ಒಳಮೈ: ಕೀಲಿನ ಗುಬ್ಬಿಗಳು ಕುಳಿತ ಜಾಗದಲ್ಲಿ ಎರಡು ನುಣುಪಾದ ತಗ್ಗುಗಳು ಬಿದ್ದಿದ್ದವು.

ಇಲ್ಲಿ ಮನೆಯಲ್ಲಿ ಕಲಿತ ಬುದ್ಧಿ ಉಲ್ಟಾ ಹೊಡೆಯುತ್ತದೆ. ಕೈಲ್ ಮುಹೂರ್ತಕ್ಕೆ ಮೊದಲು ನಾವು ಕೋವಿಯನ್ನು ತಿಕ್ಕಿ ತೊಳೆದು, ಎಣ್ಣೆ ಸವರಿ, ಮಿರಮಿರ ಮಿಂಚಿಸುತ್ತೇವೆ; ಅದು ಕೋವಿಗೆ ಕೊಡುವ ಮರ್ಯಾದೆ. ಈ ಪಿಸ್ತೂಲಿನ ನಳಿಕೆಯ ಬಲ ಮಗ್ಗುಲಲ್ಲಿ, ಒರೆಯ ಚರ್ಮ ತೇವ ಹೀರಿ ಹಿಡಿದಿಟ್ಟ ಕಡೆ, ಕಂದು ತುಕ್ಕಿನ ಚುಕ್ಕೆಗಳಿದ್ದವು. ನನ್ನ ಕೈ ತುರಿಸುತ್ತಿತ್ತು. ಆದರೆ ಆ ಚುಕ್ಕೆಗಳೇ ನಮ್ಮ ಪರವಾದ ಸಾಕ್ಷಿ. ಮತ್ತೆ ಬಣ್ಣ ಕಟ್ಟಿಸಿದ ಪಿಸ್ತೂಲಿನಲ್ಲಿ ತುಕ್ಕು ಕೊರೆದ ಗುಳಿಗಳ ಒಳಗೂ ನೀಲಿ ಇಳಿದಿರುತ್ತದೆ, ಮುದ್ರೆಗಳ ಅಂಚು ಸವೆದು ಮೊಂಡಾಗಿರುತ್ತದೆ. ನಮ್ಮದರಲ್ಲಿ ಗುಳಿಗಳು ಕಂದಾಗಿದ್ದವು, ಮುದ್ರೆಗಳ ಅಂಚು ಹರಿತವಾಗಿತ್ತು. ಒಂದು ಹನಿ ತೆಳು ಎಣ್ಣೆಯಿಂದ ಒರೆಸಿದ್ದಷ್ಟೇ. ಉಕ್ಕಿನ ನಾರು, ಪಾಲಿಶ್, ಏನೂ ಬೇಡ ಎಂದು ದುರಸ್ತಿಗಾರರೂ ಕಟ್ಟುನಿಟ್ಟಾಗಿ ಹೇಳಿದ್ದರು. ಚರ್ಮಕ್ಕಂತೂ ಎಣ್ಣೆಯನ್ನು ತೋರಿಸಲೂಬಾರದು. ಹೊಲಿಗೆಯ ದಾರ ಕೊಳೆತು ಬಿಡುತ್ತದೆ. ಮತ್ತು ಪಿಸ್ತೂಲನ್ನು ಒರೆಯೊಳಗೆ ಇನ್ನು ಇಡಬಾರದು.

ಮನೆಮಾತಿನ ಕಥೆಯ ಪ್ರಕಾರ ಇದು ಶರಣಾದ ಜರ್ಮನ್ ಜನರಲ್ ಒಬ್ಬನ ಪಿಸ್ತೂಲು. ಅಮೆರಿಕಕ್ಕೆ ಬಂದ ಲೂಗರ್‌ಗಳ ಮನೆಮಾತುಗಳನ್ನೆಲ್ಲ ನಂಬಿದರೆ ಜರ್ಮನ್ ಸೇನೆಯಲ್ಲಿ ಸಿಪಾಯಿಗಳೇ ಇರಲಿಲ್ಲ ಎನ್ನಬೇಕಾಗುತ್ತದೆ. ಪಿ.08 ಹೆಚ್ಚಾಗಿ ಇದ್ದದ್ದು ಹವಾಲ್ದಾರ ದರ್ಜೆಯವರ, ಮೆಷಿನ್‌ಗನ್ ಪಡೆಯವರ ಸೊಂಟದಲ್ಲಿ. ಕಥೆಗೆ ಬೆಲೆ ಬರುವುದು ಕಾಗದ ಇದ್ದರೆ. ಯುದ್ಧ ಮುಗಿದ ಮೇಲೆ ಸೈನಿಕರು ವಶಪಡಿಸಿಕೊಂಡ ವಸ್ತುವನ್ನು ಮನೆಗೊಯ್ಯಲು ತಮ್ಮ ಮೇಲಧಿಕಾರಿಯ ಸಹಿಯುಳ್ಳ ಪತ್ರ ಪಡೆಯಬೇಕಿತ್ತು. ಅಜ್ಜಿ ತಂದೆಯ ಸೇನಾ ಕಾಗದಗಳ ಲಕೋಟೆಯನ್ನು ಹುಡುಕಿದಾಗ ಅಂಥದ್ದೊಂದು ಸಿಕ್ಕೂಬಿಟ್ಟಿತು: 1945, ಹೆಸರು, ದರ್ಜೆ, ಸಹಿ. ವಸ್ತುವಿನ ವಿವರದ ಕಡೆ ಟೈಪ್ ಮಾಡಿದ್ದು 'ಜರ್ಮನ್ ಪಿಸ್ತೂಲು, ಒಂದು' ಎಂದು ಮಾತ್ರ. ಸಂಖ್ಯೆ ಇಲ್ಲ. ಟೈಪಿಸ್ಟ್ ಇನ್ನು ನಾಲ್ಕು ಕೀಲಿ ಒತ್ತಿದ್ದರೆ ಆ ಕಾಗದಕ್ಕೇ ಪ್ರತ್ಯೇಕ ಬೆಲೆ ಬರುತ್ತಿತ್ತು.

ಬೆಲೆಯ ವಿಷಯಕ್ಕೆ ಬಂದರೆ, ಮೊದಲು ಹೋದ ಅಂಗಡಿಯ ಮಾಲೀಕರು ಪಿಸ್ತೂಲನ್ನು ಸರಿಯಾಗಿ ನೋಡದೆಯೇ "ಬಣ್ಣ ಕಟ್ಟಿಸಿದ್ದು, ಏಳುನೂರು ಕೊಡುತ್ತೇನೆ, ಒರೆಯೂ ಸೇರಿ" ಎಂದರು. ನಾನು ಗುಳಿಗಳ ಫೋಟೋ ತೋರಿಸಿದೆ. ಒಂಬೈನೂರಕ್ಕೆ ಏರಿದರು. ಅವರನ್ನು ಕೆಟ್ಟವರೆನ್ನಲಾರೆ, ಅವರು ಕೊಂಡು ಮಾರುವವರು, ನಡುವೆ ಬದುಕಬೇಕು. ಆದರೆ ಬಣ್ಣದ ಮಾತು ಸುಳ್ಳಾಗಿತ್ತು. ಆನ್‌ಲೈನಿನಲ್ಲಿ ಜನ ಕೇಳುವ ಬೆಲೆಗಳೂ ಅಷ್ಟೇ ದಾರಿ ತಪ್ಪಿಸುತ್ತವೆ. ಮೂರು ಸಾವಿರ ಎಂದು ಬರೆದ ಪಿಸ್ತೂಲು ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ನೋಡಬೇಕಾದದ್ದು ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ, ಅದೂ ಅದೇ ಸಂಕೇತ, ಅದೇ ಇಸವಿ, ಅಷ್ಟೇ ಚೆನ್ನಾಗಿರುವ ಪಿಸ್ತೂಲುಗಳದ್ದು.

ಕೊನೆಗೆ ಹಳೆಯ ಜರ್ಮನ್ ಶಸ್ತ್ರಗಳ ಮೌಲ್ಯಮಾಪನ ಮಾಡುವ ಒಬ್ಬರಿಗೆ ಶುಲ್ಕ ಕೊಟ್ಟು ತೋರಿಸಿದೆವು. ಕೊಳ್ಳುವ ಉದ್ದೇಶ ಇಲ್ಲದವರ ಬಳಿಯೇ ಹೋಗಬೇಕೆಂಬುದು ನನ್ನ ಹಟವಾಗಿತ್ತು. ಅವರು ನನ್ನ ರೇಖಾಚಿತ್ರವನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ತಾವೇ ಮೊದಲಿನಿಂದ ಓದಿದರು. ಹಿಡಿಯ ಹಲಗೆ ಬಿಚ್ಚಿ ಒಳಗಿನ 46 ತೋರಿಸಿದರು; ಎಡ ಹಲಗೆಯ ಮೂಲೆ ಭದ್ರತಾ ಸನ್ನೆಯ ಬಳಿ ಚೂರು ಕಿತ್ತುಹೋಗಿದ್ದಕ್ಕೆ "ಲೂಗರ್‌ಗಳ ಜಾತಿರೋಗ" ಎಂದು ನಕ್ಕರು. ಹೊಂಬಣ್ಣದ ಸನ್ನೆಯನ್ನು ಕಂಡು ತಲೆಯಾಡಿಸಿದರು. "ನೀಲಿ ಬಣ್ಣದ, 46 ಸಂಖ್ಯೆಯ ಸನ್ನೆ ಹುಡುಕಿ ಹಾಕಿದರೆ?" ಎಂದು ಅಜ್ಜಿ ಕೇಳಿದರು. ಅಂಥ ಸನ್ನೆ ಸಿಗುತ್ತದೆ, ಹಾಕುವವರೂ ಇದ್ದಾರೆ, ಹಾಗೆ ಜೋಡಿಸಿದ್ದನ್ನು ಮೂಲದ್ದು ಎಂದು ಮಾರುವುದು ಮೋಸ ಎಂದು ಅವರು ಶಾಂತವಾಗಿ ಹೇಳಿದರು. ಇನ್ನೊಂದು ಮಾತನ್ನೂ ಸೇರಿಸಿದರು: ಇದನ್ನು ಹಾರಿಸಲು ಹೋಗಬೇಡಿ. ಸಂಖ್ಯೆ ಹೊಂದುವ ಕೊಕ್ಕೆಯೊಂದು ಮುರಿದರೆ ಬೇರೆ ಕೊಕ್ಕೆ ಸಿಗುತ್ತದೆ, ಬೆಲೆ ಮರಳಿ ಬರುವುದಿಲ್ಲ.

ಬರೆದುಕೊಟ್ಟ ವರದಿಯಲ್ಲಿ ಎರಡು ಬೆಲೆಗಳಿದ್ದವು. ವಿಮೆಗೆಂದು ಪಿಸ್ತೂಲು, ಒರೆ, ಎರಡು ಮ್ಯಾಗಜೀನ್, ಉಪಕರಣ, ಪತ್ರ ಎಲ್ಲ ಸೇರಿ 2,100 ಡಾಲರು. ಹರಾಜಿನಲ್ಲಿ ಕೈಗೆ ಬರಬಹುದಾದದ್ದು 1,400ರಿಂದ 1,600. ಸನ್ನೆ ಸರಿಯಾಗಿದ್ದರೆ ಇನ್ನೂ ನಾಲ್ಕುನೂರು ಸೇರುತ್ತಿತ್ತು ಎಂದು ಕೆಳಗೆ ಬರೆದಿದ್ದರು. ಒರೆಯ ಪಾಲು ಮುನ್ನೂರು. ಬಿಡಿಯಾಗಿ ಮಾರಿದರೂ ಅಷ್ಟೇ ಬರುತ್ತದೆ, ಆದರೆ ಬೇರ್ಪಡಿಸಿದರೆ ಪಿಸ್ತೂಲಿಗೆ ನಷ್ಟ ಎಂಬ ಸಲಹೆಯೂ ಇತ್ತು.

ಅಜ್ಜಿ ಮಾರಲಿಲ್ಲ. ಓಹಾಯೋದಲ್ಲಿರುವ ತಮ್ಮನ ಮಗನಿಗೆ ಕೊಡಲು ನಿಶ್ಚಯಿಸಿದರು. ತಂದೆಯಿಂದ ಮಗಳಿಗೆ ಬಂದಾಗ ಪೆನ್ಸಿಲ್ವೇನಿಯಾದಲ್ಲಿ ಯಾವ ಅಂಗಡಿಯ ಮಧ್ಯಸ್ಥಿಕೆಯೂ ಬೇಕಿರಲಿಲ್ಲ. ಬೇರೆ ರಾಜ್ಯದಲ್ಲಿರುವ ಸೋದರಳಿಯನಿಗೆ ಬದುಕಿರುವಾಗಲೇ ಕೊಡಬೇಕೆಂದರೆ ಅವನ ಊರಿನ ಪರವಾನಗಿ ಪಡೆದ ಅಂಗಡಿಗೆ ಕಳಿಸಿ, ಅಲ್ಲಿ ಅವನು 4473 ಸಂಖ್ಯೆಯ ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಆದ ಮೇಲೆಯೇ ಪಡೆಯಬೇಕು. 1898ರ ನಂತರ ತಯಾರಾದ್ದರಿಂದ ಕಾನೂನಿನ ಕಣ್ಣಿನಲ್ಲಿ ಇದು ಪ್ರಾಚೀನ ವಸ್ತುವಲ್ಲ, ಸಾಧಾರಣ ಬಂದೂಕೇ. ಪಿಸ್ತೂಲನ್ನು ದುರಸ್ತಿಗಾರರ ಅಂಗಡಿಯ ಮೂಲಕ ಕಳಿಸಿದೆವು. ಒರೆ, ಮ್ಯಾಗಜೀನ್, ಉಪಕರಣಗಳನ್ನು ನಾನೇ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಅಂಕಿಗಳ ಫೋಟೋಗಳನ್ನೂ ಪತ್ರದ ಪ್ರತಿಯನ್ನೂ ಜೊತೆಗಿಟ್ಟು, ಸಾದಾ ಅಂಚೆಯಲ್ಲಿ ಹಾಕಿದೆ. ಹುಡುಗ ಫೋನು ಮಾಡಿ ಮೊದಲು ಕೇಳಿದ್ದು ಜನರಲ್‌ನ ಹೆಸರೇನು ಎಂದು. ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟು ಚಹಾ ಮಾಡಲು ಒಳಗೆ ಹೋದರು.